ಚಹಾ ತಂದುಕೊಟ್ಟವನೇ ವಿಲನ್

ನಮ್ಮ ಸೋದರಮಾವನ ಎದುರು ಒಳ್ಳೆಯವರಾಗಿ ನಡೆದುಕೊಳ್ಳುವುದು ಬಹಳ ಅಪಾಯದ ಕೆಲಸ. ಬೈಯುವವನು, ಜಗಳಕ್ಕೆ ನಿಲ್ಲುವವನು, ಮುಂಬಯಿಯ ಲೋಕಲ್ ಟ್ರೇನಿನಲ್ಲಿ ಮೊಣಕೈಯಿಂದ ತಿವಿಯುವವನು, ಇವರೆಲ್ಲ ಅವರ ಲೆಕ್ಕದಲ್ಲಿ ಪಾಪದವರು, ನಿರುಪದ್ರವಿಗಳು. ನಗುನಗುತ್ತ ಎದ್ದು "ಬಸಾ ಕಾಕಾ" ಎಂದು ಸೀಟು ಬಿಟ್ಟುಕೊಡುವವನಿದ್ದಾನಲ್ಲ, ಅವನ ಮೇಲೆ ಒಂದು ಕಣ್ಣಿಡಬೇಕು! ಮಾವ ಅಂಥ ಸೀಟಿನಲ್ಲಿ ಕೂರುವವರೇ ಅಲ್ಲ. ಡೊಂಬಿವಲಿಯಿಂದ ಠಾಣೆಯವರೆಗೂ ನಿಂತೇ ಹೋಗುತ್ತಾರೆ, ಸೀಟು ಕೊಟ್ಟವನ ಮುಖ ನೋಡುತ್ತ. ಆ ಸೀಟಿನಲ್ಲಿ ಅಷ್ಟು ಹೊತ್ತಿಗೆ ಬೇರೆ ಯಾರೋ ಕೂತು ಗೊರಕೆ ಹೊಡೆಯುತ್ತಿರುತ್ತಾರೆ.

ಮಾವ ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ವಿಪರೀತ ಉಪಚಾರ ಮಾಡಿದರಂತೆ, ಸಂಶಯ ಬಾರದೆ ಇರುತ್ತದೆಯೇ? ನಾನು ತೀರಾ ಚಿಕ್ಕವಳಿದ್ದಾಗ ಅಪ್ಪ ಕಾಯಿಲೆಯಿಂದ ತೀರಿಕೊಂಡರು. ಅಂದಿನಿಂದ ಅಮ್ಮನೂ ನಾನೂ ಡೊಂಬಿವಲಿಯಲ್ಲಿ ಮಾವನ ಮನೆಯಲ್ಲೇ ಇರುವುದು. ಠಾಣೆಯ ವರ್ತಕ ನಗರದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತೇ ಅವರು ನನ್ನನ್ನು ಓದಿಸಿದರು. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ನಾನು ಅದನ್ನು ಊರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಒಂದು ಗಣೇಶ ಚೌತಿಗೆ ಹೊಸದಾಗಿ ಬಂದ ಪಕ್ಕದ ಮನೆಯಾಕೆ ಡಬ್ಬಿ ತುಂಬ ಮೋದಕ ಕೊಟ್ಟುಹೋದರು. ನಾನು ಕೈ ಹಾಕುವಷ್ಟರಲ್ಲಿ ಮಾವ ಡಬ್ಬಿ ಎಳೆದುಕೊಂಡರು. "ಗುರುತಿಲ್ಲ, ಪರಿಚಯ ಇಲ್ಲ, ಇಷ್ಟು ಯಾಕೆ ಕೊಟ್ಟಳು? ಮೊದಲು ನಾನು ತಿಂದು ನೋಡ್ತೇನೆ. ನನಗೆ ಎಂತ ಆಗದಿದ್ರೆ ನೀವು ತಿನ್ನಿ." ಒಂದು ತಿಂದರು. ಒಂದರಿಂದ ಗೊತ್ತಾಗುವುದಿಲ್ಲ ಎಂದು ಇನ್ನೊಂದು ತಿಂದರು. ಹೀಗೆ ಪರೀಕ್ಷೆ ಮುಗಿಯುವಾಗ ಡಬ್ಬಿಯೂ ಮುಗಿದಿತ್ತು. "ಒಳ್ಳೆಯ ಹೆಂಗಸು ಮಾರಾಯ್ತಿ" ಎಂದು ತೀರ್ಪು ಕೊಟ್ಟು ಮಲಗಿದರು.

ಈ ಸಂಶಯದ ವಿದ್ಯೆಯನ್ನು ಮಾವನಿಗೆ ಕಲಿಸಿದ್ದು ಸಿನಿಮಾ. ಹೋಟೆಲಿನ ವಾರದ ರಜೆಯಲ್ಲಿ ಬೇರೆಯವರು ನಿದ್ದೆ ಮಾಡಿದರೆ ಇವರು ಮ್ಯಾಟಿನಿಗೆ ಹೋಗುತ್ತಿದ್ದರು. ಪ್ರೇಮಕತೆ, ಭಕ್ತಿಕತೆ ಯಾವುದೂ ಬೇಡ, ಕೊಲೆಯಾಗಬೇಕು, ಕೊಲೆಗಾರ ಯಾರೆಂದು ಕೊನೆಯವರೆಗೆ ಗೊತ್ತಾಗಬಾರದು. ಹಿಂದಿಯೋ ಇಂಗ್ಲಿಷೋ ಎಂಬ ಭೇದವಿಲ್ಲ. ಇಂಗ್ಲಿಷು ಬಾರದಿದ್ದರೂ ಕೊಲೆಗಾರನ ಕಣ್ಣು ಅರ್ಥವಾಗುತ್ತದೆ ಎನ್ನುತ್ತಾರೆ. ಅಷ್ಟೂ ನೋಡಿದ ಮೇಲೆ ಅವರು ಒಂದು ಸೂತ್ರ ಕಂಡುಹಿಡಿದಿದ್ದಾರೆ. ಮೊದಲ ಅರ್ಧಗಂಟೆಯೊಳಗೆ ಹೀರೋಗೆ ಯಾರು ಚಹಾ ತಂದುಕೊಡುತ್ತಾರೋ ಅವರೇ ವಿಲನ್! ಚಹಾ ಇಲ್ಲದ ಸಿನಿಮಾದಲ್ಲಿ ಕೊಡೆ ಹಿಡಿದವನು, ಆಸ್ಪತ್ರೆಗೆ ಹಣ್ಣು ತಂದವನು. ಸೂತ್ರ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಅವರು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಥಿಯೇಟರಿನಲ್ಲಿ ಹಿಂದಿನ ಸಾಲಿಗೂ ಕೇಳುವಂತೆ "ಇವನೇ, ನೋಡ್ತಾ ಇರು" ಎಂದುಬಿಡುತ್ತಿದ್ದರು. ಎಷ್ಟೋ ಸಲ ನಾವು ಮೂವರು ತಲೆ ತಗ್ಗಿಸಿಕೊಂಡು ಹೊರಗೆ ಬಂದಿದ್ದೇವೆ.

ಇಂಥವರ ಮುಂದೆ ನಾನು ಒಬ್ಬ ಒಳ್ಳೆಯ ಹುಡುಗನನ್ನು ತಂದು ನಿಲ್ಲಿಸಿದೆ. ನನ್ನ ಧೈರ್ಯ ನೋಡಿ!

ಹುಡುಗ ವಿಜಯಪುರದ ಕಡೆಯವನು. ಅವನ ತಂದೆ ಕಟ್ಟಡ ಕೆಲಸಕ್ಕೆಂದು ಬಂದು ಇಲ್ಲೇ ಹತ್ತಿರದ ದಿವಾದಲ್ಲಿ ನೆಲೆಯಾದವರು. ಅವನು ಹುಟ್ಟಿದ್ದು ಬೆಳೆದದ್ದು ಅಲ್ಲೇ, ನವಿ ಮುಂಬಯಿಯಲ್ಲಿ ನನ್ನ ಆಫೀಸಿನಲ್ಲೇ ಕೆಲಸ. ಅಮ್ಮನಿಗೆ ಮೊದಲ ನೋಟಕ್ಕೇ ಹಿಡಿಸಿದ. ಆದರೆ ನಮ್ಮಲ್ಲಿ ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆದುಕೊಂಡು ಬರುವವನು ಸೋದರಮಾವ. ಅವನು ಒಪ್ಪದೆ ಮಾತುಕತೆಗೆ ಚಾಪೆಯನ್ನೂ ಹಾಸುವುದಿಲ್ಲ. ನನಗಂತೂ ಮಾವ ಮುಖ ತಿರುಗಿಸಿ ನಿಂತ ಮದುವೆ ಬೇಡವೇ ಬೇಡ. ಅತ್ತ ಹುಡುಗನ ಮನೆಯಲ್ಲಿ ದೀಪಾವಳಿಯೊಳಗೆ ಹೂಂ ಅಥವಾ ಊಹೂಂ ತಿಳಿಸಿ ಎಂದು ಕೂತಿದ್ದರು. ಅವನ ಸೋದರತ್ತೆಯ ಮಗಳೊಬ್ಬಳು ಊರಿನಲ್ಲಿ ತಯಾರಾಗಿದ್ದಳಂತೆ.

ಹುಡುಗ ಮೊದಲ ಭೇಟಿಯಲ್ಲೇ ಎಡವಿದ. ಪಾಪ, ಮಾವನನ್ನು ಒಲಿಸಿಕೊಳ್ಳಲು ತಿಂಗಳುಗಟ್ಟಲೆ ಗುಟ್ಟಾಗಿ ತುಳು ಕಲಿತಿದ್ದ. ಬಾಗಿಲಲ್ಲೇ ಕೈಮುಗಿದು "ಎಂಚ ಉಲ್ಲರ್ ಮಾವ?" ಎಂದು ಕ್ಷೇಮ ವಿಚಾರಿಸಿದ. ಅಮ್ಮನ ಮುಖ ಅರಳಿತು. ಮಾವನ ಮುಖ ಅಲ್ಲೇ ಗಂಟಾಯಿತು. ಅವನು ಹೋದ ಮೇಲೆ ನನ್ನನ್ನು ಕರೆದರು.

"ನಾನು ಮರಾಠಿ ಕಲಿತದ್ದು ಗಿರಾಕಿ ಬೈದರೆ ಗೊತ್ತಾಗ್ಲಿ ಅಂತ. ಇವನಿಗೆ ತುಳು ಎಂತಕ್ಕೆ? ಮನೆಯೊಳಗಿನ ಮಾತು ಕಲಿತು ಬರುವವ ಸುಮ್ಮನೆ ಬರುವುದಿಲ್ಲ."

"ಕಲಿಯದೆ ಬಂದಿದ್ರೆ ಎಂತ ಹೇಳ್ತಿದ್ರಿ ಮಾವ?"

"ಅಹಂಕಾರದವ ಅಂತ ಹೇಳ್ತಿದ್ದೆ. ಆದ್ರೆ ಸಂಶಯ ಪಡ್ತಿರಲಿಲ್ಲ."

ಹುಡುಗನೂ ಸಿನಿಮಾ ಹುಚ್ಚ. ನನಗೆ ಒಂದು ಉಪಾಯ ಹೊಳೆಯಿತು. ಆಗಷ್ಟೇ ಬಂದಿದ್ದ ಸೂಪರ್‌ಹೀರೋ ಸಿನಿಮಾಕ್ಕೆ ಮೂವರೂ ಕಲ್ಯಾಣದ ಮಾಲಿಗೆ ಹೋಗುವುದು, ವಿಲನ್ ವಿಷಯ ಮಾತಾಡುತ್ತ ಆಡುತ್ತ ಇಬ್ಬರೂ ಹತ್ತಿರವಾಗುವುದು. ಮಾವ ಬಂದರು. ಆದರೆ ಇಂಟರ್ವಲ್‌ನಲ್ಲಿ ಹುಡುಗ ಓಡಿಹೋಗಿ ಅವರಿಗೆ ತಂದದ್ದು ಏನು? ಚಹಾ! ಮಾವ ಆ ಕಪ್ಪನ್ನೂ ಅವನನ್ನೂ ನೋಡಿದ ನೋಟಕ್ಕೆ ನನ್ನ ಕೈಯಲ್ಲಿದ್ದ ಪಾಪ್‌ಕಾರ್ನ್ ಚೆಲ್ಲಿತು.

ಸಿನಿಮಾದ ಕತೆ ಇಷ್ಟು. ಹಾರಬಲ್ಲ ಒಬ್ಬ ತಬ್ಬಲಿ ಹುಡುಗ. ಅವನನ್ನು ಸಾಕಿದವನು ಗಡಿಯಾರ ರಿಪೇರಿಯ ಮುದುಕ. ಮುಖವಾಡ ಹಾಕಿದ ಒಬ್ಬ ವಿಲನ್ ಊರೆಲ್ಲ ಸುಟ್ಟು ಅಪವಾದವನ್ನು ಹುಡುಗನ ತಲೆಗೆ ಕಟ್ಟುತ್ತಿದ್ದಾನೆ. ಮಾವ ಮೊದಲು ಪೊಲೀಸ್ ಅಧಿಕಾರಿಯ ಮೇಲೆ ಸಂಶಯಪಟ್ಟರು. ಆಮೇಲೆ ಗೆಳೆಯನ ಮೇಲೆ, ಆಮೇಲೆ ನಾಯಕಿಯ ಮೇಲೆ. ಮಧ್ಯದಲ್ಲಿ ಸ್ವಲ್ಪ ಹೊತ್ತು ನಾಯಿಯ ಮೇಲೂ. ಕೊನೆಗೆ ಮುಖವಾಡ ಕಳಚಿದಾಗ ನೋಡಿದರೆ, ಸಾಕಿದ ಮುದುಕನೇ ವಿಲನ್! ಬೆಳಗಾದರೆ ಹುಡುಗನಿಗೆ ಚಹಾ ಕೊಡುತ್ತಿದ್ದವನೂ ಅವನೇ. ಅದನ್ನು ಕಣ್ಣಾರೆ ಕಂಡೂ ಮಾವ ಅವನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವರ ಸೂತ್ರ ಅವರಿಗೇ ಮರೆತುಹೋಗಿತ್ತು.

ಹೊರಗೆ ಬಂದವರೇ ಸಿಡಿದರು. "ಎಲ್ಲ ಕದ್ದ ಮಾಲು. ಬೇಕಂತಲೇ ಸಿಕ್ಕಿಬೀಳುವ ವಿಲನ್‌ನನ್ನು ನಾನು ಠಾಣೆಯ ಟಾಕೀಸಿನಲ್ಲಿ ಯಾವ ಕಾಲದಲ್ಲೋ ನೋಡಿದ್ದೇನೆ, ಅದರಲ್ಲಿ ಅವ ಹಡಗಿನ ಕ್ಯಾಪ್ಟನ್. ಟ್ರೇನಿನಲ್ಲಿ ದೀಪ ಆರಿಸಿ ಕೊಲ್ಲುವುದು ಇನ್ನೊಂದರಿಂದ. ಕನ್ನಡಿಯಲ್ಲಿ ಮುಖ ಕಾಣುವುದು ಮತ್ತೊಂದರಿಂದ. ಮತ್ತೆ, ಹಾರುವವ ಬಾಂಬು ಹಿಡೀಲಿಕ್ಕೆ ಟ್ಯಾಕ್ಸಿಯಲ್ಲಿ ಯಾಕೆ ಹೋದ?"

"ಮಾವಾರ, ಹಳೇದನ್ನ ತಗೊಂಡಾರ ಖರೆ," ಎಂದ ಹುಡುಗ. "ಆದ್ರ ಆ ಮುದುಕ ಹೊಸಾಂವ ಅದಾನ್ರಿ."

"ಎಂತ ಹೊಸತು? ಸಾಕಿದವ ಹಾಗೆ ಮಾಡ್ತಾನಾ? ಅದೇ ಪಿಕ್ಚರಿನ ದೊಡ್ಡ ತಪ್ಪು. ಕತೆ ಬರೆದವ ಒಂದು ಮಗುವನ್ನು ಸಾಕಿದ್ರೆ ಹಾಗೆ ಬರೀತಿರಲಿಲ್ಲ."

"ಸಾಕಿದ್ದಕ್ಕ ಹಂಗ ಮಾಡ್ಯಾನ್ರಿ. ಅವಗ ಊರ ಸುಡೂದು ಬೇಕಾಗಿದ್ದಿಲ್ಲ. ಹುಡುಗ ಹಾರಿ ಹೋದ್ರ ತಿರುಗಿ ಮನೀಗೆ ಬರಂಗಿಲ್ಲ ಅಂತ ಅಂಜಿಕಿ ಅವಗ, ಬಸ್, ಅಷ್ಟ."

ನಾನು ಅವನ ಕಾಲು ತುಳಿದೆ. ತಡವಾಗಿತ್ತು. ಮಾವ ಆಟೋ ನಿಲ್ಲಿಸಿ ಒಬ್ಬರೇ ಹತ್ತಿ ಹೋದರು.

ಆ ಮೇಲೆ ಶುರುವಾಯಿತು ಪತ್ತೇದಾರಿಕೆ. ಒಂದು ದಿನ ಮಾವ ಕಪ್ಪು ಕನ್ನಡಕ ಹಾಕಿಕೊಂಡು, ಬಿಸಿಲಿನಲ್ಲೂ ಮಫ್ಲರ್ ಸುತ್ತಿಕೊಂಡು, ದಿವಾಕ್ಕೆ ಹೋದರಂತೆ. ಬಾಡಿಗೆಗೆ ರೂಮು ಹುಡುಕುವವರ ಹಾಗೆ ಹುಡುಗನ ಮನೆಯಿದ್ದ ಚಾಳಿನಲ್ಲಿ, ಆ ಸಾಲುಮನೆಗಳ ಒಂದೊಂದೇ ಬಾಗಿಲು ತಟ್ಟಿ, ಆ ಮನೆಯವರು ಹೇಗೆ, ಕುಡಿಯುತ್ತಾರೋ, ಜಗಳವಾಡುತ್ತಾರೋ ಎಂದು ವಿಚಾರಿಸಿದರಂತೆ. ಕೊನೆಗೆ ಹುಡುಗನ ತಾಯಿಯೇ ಒಳಗೆ ಕರೆದು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ, ಬರುವಾಗ ಶೇಂಗಾ ಚಟ್ನಿಯ ಪೊಟ್ಟಣವನ್ನೂ ಕೈಗಿಟ್ಟರು. ಮಾವ ತಮ್ಮ ವೇಷ ಯಾರಿಗೂ ಗೊತ್ತಾಗಲಿಲ್ಲವೆಂದು ಬೀಗುತ್ತ ಮನೆಗೆ ಬಂದರು. ಅಷ್ಟರಲ್ಲಿ ಹುಡುಗನ ತಾಯಿಯಿಂದ ನನಗೆ ಫೋನ್ ಬಂದಾಗಿತ್ತು.

"ನಿಮ್ಮ ಮಾವಾರು ಬಂದಿದ್ರವಾ. ಫೋಟೋದಾಗ ನೋಡಿದ್ದೆ, ಗುರ್ತ ಸಿಕ್ತು. ಬಿಸಲಾಗ ಮಫ್ಲರ್ ಹಾಕ್ಕೊಂಡಿದ್ರು, ಆರಾಮ ಅದಾರಿಲ್ಲೋ?"

ಮಾವನ ವರದಿ ಮಾತ್ರ ಗಂಭೀರವಾಗಿತ್ತು. "ತಪ್ಪು ಒಂದೂ ಸಿಗಲಿಲ್ಲ. ಒಂದೂ ತಪ್ಪಿಲ್ಲದ ಮನೆ ಎಲ್ಲಾದ್ರೂ ಉಂಟಾ? ಅದೇ ನನಗೆ ಸಂಶಯ." ಚಟ್ನಿಯನ್ನು ಪರೀಕ್ಷಿಸುವ ಜವಾಬ್ದಾರಿಯನ್ನೂ ಅವರೇ ವಹಿಸಿಕೊಂಡರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿ ಇಡತೊಡಗಿದಳು. ನಾನು ಸಿಟ್ಟಿನಿಂದ ಮಾವನೊಡನೆ ಮಾತು ಬಿಟ್ಟೆ. ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ಹೆಚ್ಚಾಗಿ ನನಗೆ ಹೆದರಿಕೆಯಾಗಿತ್ತು. ಈ ಮನುಷ್ಯನಿಗೂ ಆ ಹುಡುಗನಿಗೂ ನಡುವೆ ಒಬ್ಬರನ್ನು ಆರಿಸು ಎಂದರೆ ನಾನು ಏನು ಮಾಡಲಿ?

ಒಂದು ಭಾನುವಾರ ಮಾವ ಮಧ್ಯಾಹ್ನದ ಊಟ ಮುಗಿಸಿ ಹೇಳದೆ ಕೇಳದೆ ಎಲ್ಲಿಗೋ ಹೋದರು. ಸಂಜೆ ಬಂದು ಬಾಲ್ಕನಿಯ ಕುರ್ಚಿಯಲ್ಲಿ ಚಪ್ಪಲಿಯನ್ನೂ ಬಿಡದೆ ಕೂತರು. ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ.

"ಆ ಪಿಕ್ಚರ್ ಪುನಃ ನೋಡಿ ಬಂದೆ," ಎಂದರು.

ಮಾತು ಬಿಟ್ಟಿದ್ದರೂ ನಾಲಿಗೆ ಕೇಳಬೇಕಲ್ಲ. "ಮತ್ತೆ ಎಲ್ಲಿಂದ ಕದ್ದದ್ದು ಸಿಕ್ತು?" ಎಂದೆ.

"ಅದಕ್ಕೆ ಹೋದದ್ದಲ್ಲ. ಆ ಮುದುಕ ಯಾವಾಗ ವಿಲನ್ ಆದ ಅಂತ ನೋಡ್ಲಿಕ್ಕೆ ಹೋದದ್ದು."

ನಾನು ಬಟ್ಟೆ ಹಿಡಿದುಕೊಂಡೇ ನಿಂತೆ.

"ಶುರುವಿನಲ್ಲಿ ಒಂದು ಸೀನ್ ಉಂಟು. ಹುಡುಗ ಹೊರಗೆ ಹೊರಡ್ತಾನೆ, ಮುದುಕ ಅವನ ಒಂದು ಬೂಟನ್ನು ಕಪಾಟಿನ ಹಿಂದೆ ಅಡಗಿಸಿ ಇಡ್ತಾನೆ. ಹುಡುಗ ಮನೆಯೆಲ್ಲ ಹುಡುಕ್ತಾನೆ. ಜನ ನಗ್ತಾರೆ. ಮೊದಲ ಸಲ ನಾನೂ ನಕ್ಕಿದ್ದೆ. ಅಲ್ಲೇ ಶುರುವಾದದ್ದು ಮಗಾ. ಅವನಿಗೂ ಗೊತ್ತಾಗಲಿಲ್ಲ." ಮಾವ ಬಗ್ಗಿ ಕಾಲಿನ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟರು. "ನಿನ್ನ ಹುಡುಗನನ್ನು ನೋಡಿದೆ, ಅವನ ಅಪ್ಪ ಅಮ್ಮನನ್ನು ನೋಡಿದೆ, ಚಾಳಿನವರನ್ನೆಲ್ಲ ಕೇಳಿದೆ. ಅವರಲ್ಲಿ ಯಾರೂ ಅಲ್ಲ. ಇನ್ನು ಉಳಿದದ್ದು ನಾನೊಬ್ಬ. ಈ ಕತೆಯಲ್ಲಿ ವಿಲನ್ ನಾನಾ? ನಿಜ ಹೇಳು."

ಮಾವನ ಎಷ್ಟು ಸಂಶಯಗಳಿಗೆ ನಾನು ಬಿದ್ದು ಬಿದ್ದು ನಕ್ಕಿದ್ದೇನೆ. ಇದಕ್ಕೆ ನಗಲಾಗಲಿಲ್ಲ. ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಅಳತೊಡಗಿದೆ. ಅಲ್ಲ ಮಾವ, ಅಲ್ಲ ಎಂದು ಅಳುವಿನ ಮಧ್ಯೆ ಹೇಳಿದೆನೋ, ಹೇಳಿದೆನೆಂದು ಅಂದುಕೊಂಡೆನೋ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

"ಅಳಬೇಡ. ಅವರಿಗೆ ಫೋನ್ ಮಾಡಿ ಬರ್ಲಿಕ್ಕೆ ಹೇಳು," ಎಂದರು ಮಾವ. "ಮಂಟಪಕ್ಕೆ ನಾನೇ ಕರ್ಕೊಂಡು ಹೋಗ್ತೇನೆ. ಅಲ್ಲಿ ನಿನ್ನ ಕೈ ಬಿಡ್ಲಿಕ್ಕೆ ಸ್ವಲ್ಪ ತಡವಾದ್ರೆ ಮಾತ್ರ ಬೇಸರ ಮಾಡ್ಬೇಡ ಅಂತ ಆ ಹುಡುಗನಿಗೆ ಹೇಳಿ ಇಡು."