ಮೂಗಿನ ಮದ್ದು ಮತ್ತು ಅಮ್ಮನ ತೋಳು

ಕೆಲವರು ವಿಜ್ಞಾನಕ್ಕೆ ಬರುವುದು ಲೋಕೋಪಕಾರಕ್ಕೆ, ಕೆಲವರು ಹೆಸರಿಗೆ. ನಾನು ಬಂದದ್ದು ಹೆದರಿಕೆಗೆ. ಸೂಜಿ ಕಂಡರೆ ಇವತ್ತಿಗೂ ನನ್ನ ಕೈಕಾಲು ತಣ್ಣಗಾಗುತ್ತವೆ. ಶಾಲೆಗೆ ಲಸಿಕೆ ಹಾಕುವವರು ಬಂದ ದಿನ ಹಿಂದಿನ ಗೋಡೆ ಹಾರಿ ಓಡಿದವನು ನಾನು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಲಸಿಕೆ, ಇನ್ಸುಲಿನ್ ಮುಂತಾದವನ್ನು ಚುಚ್ಚದೆ ಮೂಗಿನಿಂದಲೇ ಒಳಗೆ ಕಳಿಸುವ ಸಂಶೋಧನೆಗೆ ಸಹಾಯಕರು ಬೇಕಾಗಿದ್ದಾರೆ ಎಂದು ಕೇಳಿದಾಗ, ಸಂಬಳ ವಿಚಾರಿಸುವ ಮೊದಲೇ ಒಪ್ಪಿಕೊಂಡುಬಿಟ್ಟೆ.

ಅಲ್ಲಿ ನಮ್ಮ ಕೆಲಸ ಲೈಪೋಸೋಮ್ ತಯಾರಿಸುವುದು. ಹೆಸರು ಕೇಳಿ ಗಾಬರಿಯಾಗಬೇಡಿ. ಕಣ್ಣಿಗೆ ಕಾಣದಷ್ಟು ಚಿಕ್ಕ ಕಡುಬು ಎಂದುಕೊಳ್ಳಿ. ಹಿಟ್ಟಿನ ಜಾಗದಲ್ಲಿ ಕೊಬ್ಬಿನ ಪದರ, ಹೂರಣದ ಜಾಗದಲ್ಲಿ ಔಷಧಿ. ಮೂಗಿಗೆ ಹನಿ ಬಿಟ್ಟರೆ ಈ ಕಡುಬು ಒಳಪೊರೆಗೆ ಅಂಟಿಕೊಂಡು ಹೂರಣವನ್ನು ರಕ್ತಕ್ಕೆ ದಾಟಿಸಬೇಕು. ದಾಟಿಸಬೇಕು ಎಂದೆ, ದಾಟಿಸುತ್ತಿತ್ತು ಎನ್ನಲಿಲ್ಲ. ನಮ್ಮ ಇಲಿಗಳು ಅರ್ಧ ಔಷಧಿಯನ್ನು ನನ್ನ ಕೋಟಿನ ಮೇಲೆಯೇ ಸೀನಿಬಿಡುತ್ತಿದ್ದವು. ಆ ಕೊಬ್ಬನ್ನು ಮೊಟ್ಟೆಯ ಹಳದಿಯಿಂದ ತೆಗೆಯುತ್ತಾರೆ ಎಂಬುದನ್ನು ಮಾತ್ರ ಅಮ್ಮನಿಗೆ ಹೇಳಿರಲಿಲ್ಲ; ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ದಾಟಿದ್ದಿಲ್ಲ.

ಅಮ್ಮನಿಗೆ ಸಕ್ಕರೆ ಕಾಯಿಲೆ. ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂಭಾಗದಲ್ಲಿ ನಾಲ್ಕು ವಿದ್ಯುತ್ ಮಗ್ಗ, ಹಿಂದೆ ಅಡುಗೆಮನೆ, ಅದರ ಮೂಲೆಯಲ್ಲಿ, ತಂಪಾಗಿರಲೆಂದು ತೇವದ ಮರಳು ತುಂಬಿದ ಕುಡಿಕೆಯೊಳಗೆ, ಇನ್ಸುಲಿನ್ ಸೀಸೆ. ದಿನಾ ಬೆಳಿಗ್ಗೆ ಕಾಂಪೌಂಡರ್ ರಾಮಣ್ಣ ಬಂದು ಚುಚ್ಚಿ ಹೋಗುತ್ತಿದ್ದರು. ಆ ಹೊತ್ತಿಗೆ ನಾನು ಬಸ್ ನಿಲ್ದಾಣದಲ್ಲಿರುತ್ತಿದ್ದೆ. ಬಸ್ಸು ಹೊರಡಲು ಅರ್ಧ ಗಂಟೆ ಇದ್ದರೂ ಇರುತ್ತಿದ್ದೆ.

ಮಗ್ಗದ ಮನೆಯವರಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಉಪ್ಪು ಕೇಳುವುದೂ ಜಗಳದ ದನಿಯಲ್ಲೇ. ಒಂದು ಸಂಜೆ ನನ್ನ ಕೆಲಸವೇನೆಂದು ಅಮ್ಮ ಕೇಳಿದಾಗ ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ವಿವರಿಸಿದೆ. "ಸೂಜಿನೇ ಬೇಡಮ್ಮ, ಮೂಗಿಗೆ ಎರಡು ಹನಿ ಬಿಟ್ರೆ ಸಾಕು" ಎಂದು ಗಂಟಲು ಹರಿಯುವಂತೆ ಅರಚುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ನಿಶ್ಶಬ್ದವಾದ ಬೀದಿಗೆಲ್ಲ ಆ ಮಾತು ಕೇಳಿತು. ನೆರೆಯವರು ಬಂದು ಬೆನ್ನು ತಟ್ಟಿದರು. ಇದಿನ್ನೂ ಇಲಿಗಳ ಮಟ್ಟದಲ್ಲೇ ಇದೆ ಎಂದು ಆಗಲೇ ಹೇಳಬಹುದಿತ್ತು. ಹೊಗಳಿಕೆ ಹಿತವಾಗಿತ್ತು, ಸುಮ್ಮನೆ ತಲೆಯಾಡಿಸಿದೆ.

ಆ ವಾರದ ಭಾನುವಾರ ನೋಡುತ್ತೇನೆ, ಅಮ್ಮ ಚೊಂಬಿನ ಮೇಲೆ ಚೊಂಬು ನೀರು ಕುಡಿಯುತ್ತಾ ಕಂಬಕ್ಕೊರಗಿ ಕೂತಿದ್ದಾಳೆ. ರಾಮಣ್ಣ ಬಂದಿಲ್ಲವೇ ಎಂದು ಕೇಳಿದೆ.

"ನಾಲ್ಕು ದಿನದಿಂದ ನಾನೇ ಬೇಡ ಅಂದಿದೀನಿ ಕಣಪ್ಪಾ. ಮಗನೇ ಅಂಥಾ ಮದ್ದು ಮಾಡ್ತಿರೋವಾಗ ನಾನು ಇನ್ನೂ ಚುಚ್ಚಿಸ್ಕೊಳ್ತಾ ಕೂತ್ರೆ, ಬೀದಿಯೋರು ನಿನ್ನ ಏನಂದಾರು?"

ರಾಮಣ್ಣನ ಮನೆಗೆ ಓಡಿದರೆ ಅವರು ದೇವನಹಳ್ಳಿಗೆ ಮಗಳನ್ನು ನೋಡಲು ಹೋಗಿದ್ದರು. ಅಮ್ಮನ ಡಾಕ್ಟರು ಫೋನಿನಲ್ಲಿ, ಎಂದಿನ ಅಳತೆಯನ್ನೇ ತಕ್ಷಣ ನೀವೇ ಕೊಡಿ, ಲ್ಯಾಬಿನವರಿಗೆ ಚುಚ್ಚುವುದನ್ನು ನಾನೇನು ಹೇಳಿಕೊಡಲಿ ಎಂದರು. ಸಿರಿಂಜ್ ಕುದಿಸುತ್ತಾ ಅಮ್ಮನಿಗೆ ನಿಜ ಹೇಳಿದೆ: ನನ್ನ ಮದ್ದು ಮನುಷ್ಯರಿಗೆ ಬಂದಿಲ್ಲ, ಇಲಿಗಳಿಗೂ ಪೂರ್ತಿ ಹಿಡಿದಿಲ್ಲ. ಅವಳು ಬೈಯಲಿಲ್ಲ. ಇಲಿಗಾದರೂ ಚುಚ್ಚಿ ಅಭ್ಯಾಸವಿದೆಯೇ ಎಂದು ಕೇಳಿದಳು. ಅದನ್ನೂ ಬೇರೆಯವರೇ ಮಾಡುತ್ತಾರೆ ಎಂದೆ.

"ಹಂಗಾದ್ರೆ ನಾನೇ ನಿನ್ನ ಮೊದಲ್ನೇ ಇಲಿ ಅಂದ್ಕೋ. ಬಾ" ಎಂದು ತೋಳು ಚಾಚಿದಳು.

ಎರಡು ಸಲ ಸೂಜಿಯನ್ನು ತೋಳಿನವರೆಗೆ ಒಯ್ದು ಹಿಂದಕ್ಕೆಳೆದುಕೊಂಡೆ. ಹರಿದ ಎಳೆಗಳನ್ನು ಜೀವಮಾನವಿಡೀ ಗಂಟು ಹಾಕಿದ ಬೆರಳುಗಳಿಂದ ಅಮ್ಮ ನನ್ನ ಮಣಿಕಟ್ಟನ್ನು ಹಿಡಿದು ನಿಲ್ಲಿಸಿದಳು. ಚುಚ್ಚಿದೆ. ನೋವಾಯಿತೇ ಎಂದರೆ ಇಲ್ಲವೇ ಇಲ್ಲ ಎಂದಳು. ಅವಳ ಕಾಲಿನ ಬೆರಳುಗಳು ಮುದುಡಿಕೊಂಡಿದ್ದನ್ನು ನಾನು ನೋಡಿದ್ದೆ. ಅವಳ ಮೇಲೆ ಅಷ್ಟು ಪ್ರೀತಿ ಉಕ್ಕಿದ ಗಳಿಗೆ ಇನ್ನೊಂದು ನೆನಪಿಲ್ಲ.

ಆದರೆ ಆ ಸುಳ್ಳನ್ನು ಅವಳು ನನಗೊಬ್ಬನಿಗೇ ಹೇಳಿ ಸುಮ್ಮನಾಗಲಿಲ್ಲ. ಮುಂದಿನ ಭಾನುವಾರ ಬಾಗಿಲು ತೆಗೆದರೆ, ಬೀದಿಯ ಮೂವರು ಸಕ್ಕರೆ ಕಾಯಿಲೆಯವರು ತಂತಮ್ಮ ಸಿರಿಂಜಿನ ಡಬ್ಬಿ ಹಿಡಿದು ಜಗಲಿಯ ಮೇಲೆ ಕೂತಿದ್ದರು. ನಾನು ಚುಚ್ಚಿದರೆ ನೋಯುವುದೇ ಇಲ್ಲವಂತೆ. ಮೂಗಿನ ಮದ್ದಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಲೋಕದಿಂದಲೇ ಸೂಜಿಯನ್ನು ಓಡಿಸಲು ಹೊರಟಿದ್ದ ನಾನು ಒಳಗೆ ಹೋಗಿ ಸಿರಿಂಜ್ ಕುದಿಸಲು ಒಲೆಯ ಮೇಲೆ ನೀರಿಟ್ಟೆ.