ಕಾಕಾನ ಮೂರು ಉಳ್ಳಾಗಡ್ಡಿ

ಚಾತುರ್ಮಾಸ ಬಂತಂದ್ರ ನಮ್ಮ ಹುಮನಾಬಾದಿನ ಓಣ್ಯಾಗ ಉಳ್ಳಾಗಡ್ಡಿ ಬಂದ್, ಕಳ್ಳತನ ಚಾಲೂ. ವರ್ಷಕ್ಕ ಒಬ್ಬರರ ಸಿಕ್ಕೇ ಸಿಗ್ತಾರ. ಆ ವರ್ಷ ಸಿಕ್ಕವ ನಮ್ಮ ಬಾಜೂ ಮನಿ ಕಾಕಾ.

೧. ಹಾಸಿಗಿ ಸುರುಳಿ

ಕಾರ್ತಿಕ ಏಕಾದಶಿ ತನಕ ಉಳ್ಳಾಗಡ್ಡಿ ಮುಟ್ಟಂಗಿಲ್ಲ ಅಂತ ಕಾಕು ಮಾಣಿಕನಗರದ ಗುಡಿಯೊಳಗ ಗಂಡನ ಕೈಲಿ ಆಣಿ ಮಾಡಿಸಿದ್ಲು. "ಆಣಿ ಮುರದ್ರ ಇನ್ನೊಂದ ವರ್ಷ ಪೂರಾ ಉಳ್ಳಾಗಡ್ಡಿ ಇಲ್ಲ ನೋಡ್ರಿ!"

ಕಾಕಾ ಅಂದ್ರ ಉಳ್ಳಾಗಡ್ಡಿ ಭಜಿಗೆ ಪ್ರಾಣ ಬಿಡೋ ಮನಶ್ಯಾ. ದಸರಾ ಸೂಟ್ಯಾಗ ನಾವು ನಾಕು ಮನಿಯವರು ಬಸವಕಲ್ಯಾಣದ ಒಂದು ಮಟಾಡೋರ್ ಮಾಡಿಕೊಂಡು, ಘಟ್ಟದ ಮ್ಯಾಲಿನ ರಾಷ್ಟ್ರೀಯ ಉದ್ಯಾನದಾಗ ತಂಬು ಹೊಡ್ಯಾಕ ಹೊಂಟ್ವಿ. ಹೆಂಡ್ತಿ ಬರಂಗಿಲ್ಲ ಅಂತ ತಿಳಿದು ಕಾಕಾ ಹಾಸಿಗಿಯೊಳಗ ಮೂರು ಉಳ್ಳಾಗಡ್ಡಿ ಸುತ್ತಿ ತಂದಿದ್ದ. ಗಾಡಿ ಬಿಡೋ ಹೊತ್ತಿಗೆ ಕಾಕು ಏರಿ ಆ ಹಾಸಿಗಿ ಸುರುಳಿ ಮ್ಯಾಲೇ ಕುಂತ್ಲು.

"ಏನ್ರೀ ಇದು, ಒತ್ತಾಕತ್ತದ?"

"ಹತ್ತಿ ಗಂಟು ಕಟ್ಟ್ಯದ."

ಘಟ್ಟ ಬರೋ ತನಕ ಕಾಕು ಮುಷ್ಟಿಲೆ ಹತ್ತಿ ಬಡದ್ಲು. ಗುದ್ದಿಗೊಮ್ಮೆ ಕಾಕಾ ಎದಿ ಹಿಡಕೊಂಡ.

೨. ಗಾರ್ಡ್ ಬಂದ

ತಂಬು ಹೊಡದ್ವಿ. ಗಾರ್ಡ್ ಬಂದು, "ವಾಸನಿ ಸಾಮಾನಿಗೆ ಕರಡಿ ಬರ್ತಾವ್ರಿ. ಎಲ್ಲಾರೂ ಗಂಟು ಬಿಚ್ಚರಿ" ಅಂದ.

ಗಿಡದ ಟೊಂಗಿಗೆ ಕಾಕುನ ಮಡಿ ಸೀರಿ ಗಂಟು ತೂಗಾಕತ್ತಿತ್ತು. ಗಾರ್ಡ್ ಅದಕ್ಕ ಕೈ ಹಾಕಿದ್ದೇ ತಡ, "ಮುಟ್ಟೀಯೋ! ಮಡಿ ಅದ!" ಅಂತ ಕಾಕು ಚೀರಿದ್ಲು. "ಹಿಂಗ ಒದರ್ರಿ ಅಕ್ಕಾರ, ಕರಡಿ ಬರಂಗಿಲ್ಲ" ಅಂತ ಅವ ಬಾಜೂ ತಂಬಿಗೆ ಹ್ವಾದ.

ಯಾರೂ ಮುಟ್ಟದ ಜಾಗಾ! ಕಾಕು ನೀರಿಗೆ ಹೋಗಿದ್ದೇ ಕಾಕಾ ಮೂರೂ ಉಳ್ಳಾಗಡ್ಡಿ ಆ ಗಂಟಿನ್ಯಾಗ ತುರುಕಿದ. ನಾ ನೋಡಿದೆ. ಹೇಳಬ್ಯಾಡ ಅಂತ ಕಾಕಾ ಕೈ ಮುಗದ. ಅಷ್ಟು ಲಗೂನ ಹೇಳಿದ್ರ ಮಜಾ ಎಲ್ಲಿ ಉಳೀತದ?

೩. ಮಂಗ್ಯಾ

ಮರುದಿನ ಮುಂಜಾನಿ ಎಲ್ಲಾರೂ ಚಹಾ ಕುಡ್ಯಾಕತ್ತಿದ್ವಿ. ಒಂದು ಮಂಗ್ಯಾ ಬಂದು ಮಡಿ ಸೀರಿ ಜಗ್ಗಿತು. ದಪದಪ ಉಳ್ಳಾಗಡ್ಡಿ ಬಿದ್ದವು. ಒಂದು, ಎರಡು, ಮೂರು, ನಾಕು, ಐದು!

ಕಾಕಾ ಹೆಂಡ್ತಿ ಮುಂದ ಕೈ ಜೋಡಿಸಿದ. "ತಪ್ಪಾತು! ಆದ್ರ ದೇವರಾಣಿ, ಮೂರೇ ನನ್ನವು!"

ಎಲ್ಲಾರೂ ಕಾಕು ಮಾರಿ ನೋಡಿದ್ವಿ. ಆಕಿ ಸೆರಗು ಸಿಗಿಸಿಕೊಂಡ್ಲು.

"ಏನ್ ನೋಡ್ತೀರಿ? ಕಡ್ಲಿಹಿಟ್ಟೂ ತಂದೀನಿ. ಒಲಿ ಹಚ್ಚರಿ."

ಊರಾಗಿನ ಎಲ್ಲಾ ಸುದ್ದಿ ಹೇಳೋ ನಾನು, ಇದೊಂದು ಇಷ್ಟು ವರ್ಷ ಯಾರ ಮುಂದೂ ಆಡಿಲ್ಲ. ಹ್ಯಾಂಗ ಆಡ್ಲಿ? ವ್ರತ ನನಗೂ ಇತ್ತು. ಮೊದಲನೇ ಭಜಿ ನಾನೇ ತಿಂದಿದ್ದೆ.