ಹುಬ್ಬು ಕೊಟ್ಟ ಹರಕೆ

ಮದುವೆಯಾದ ಹೆಂಗಸು ಬೆಳಗಾಗುತ್ತಲೇ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡರೆ ಅದಕ್ಕೆ ನಮ್ಮ ಓಣಿಯಲ್ಲಿ ಒಂದೇ ಕಾರಣ. ಪಿತ್ತ, ಅಜೀರ್ಣ, ನಿದ್ದೆಗೇಡು ಇವೆಲ್ಲ ಗಂಡಸರಿಗೆ ಮೀಸಲು. ಹಾಗಾಗಿ ನಾನು ಬಳ್ಳಾರಿಯಲ್ಲಿ ಮೊದಲ ಕೀಮೋ ಮುಗಿಸಿಕೊಂಡು ಗಂಗಾವತಿಗೆ ಮರಳಿದ ಮೇಲೆ, ಅಕ್ಕಿ ಗಿರಣಿಯಲ್ಲಿ ಭತ್ತ ಕುದಿಸುವ ವಾಸನೆಗೆ ನನ್ನ ಕರುಳೆಲ್ಲ ಬಾಯಿಗೆ ಬಂದಾಗ, ಹಿತ್ತಲ ಗೋಡೆಯಾಚೆ ಪಾತ್ರೆ ತಿಕ್ಕುತ್ತಿದ್ದ ನೀಲಮ್ಮಕ್ಕನ ಕೈ ಗಕ್ಕನೆ ನಿಂತಿತು. ಪಕ್ಕದ ಮನೆಯ ಆ ಹಿರಿಯಾಕೆ ಏನು ಲೆಕ್ಕ ಹಾಕುತ್ತಿದ್ದಾರೆಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಕೆಟ್ಟು ತಬ್ಬಿಕೊಂಡು ಕೂತಿದ್ದೆ.

ತಪ್ಪು ಪೂರ್ತಿ ಅವರದಲ್ಲ. ನನ್ನ ರೋಗದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಅದು ಅತ್ತೆಯ ಅಪ್ಪಣೆ. "ನಾಳಿ ಪಲ್ಲವಿಗೆ ಗಂಡು ನೋಡಬೇಕು. ತಾಯಿಗಿ ಅಂಥಾ ಬ್ಯಾನಿ ಇತ್ತಂದ್ರ ಯಾರು ಬರ್ತಾರ?" ಎಂದರು. ಪಲ್ಲವಿ ನನ್ನ ಒಬ್ಬಳೇ ಮಗಳು. ಆಗಿನ್ನೂ ನಾಲ್ಕನೇ ತರಗತಿ. ಅವಳಿಗೆ ನೋಡಬೇಕಾದ ಗಂಡು ಎಲ್ಲೋ ಮೂಗು ಸುರಿಸುತ್ತಾ ಗೋಲಿ ಆಡುತ್ತಿದ್ದಿರಬೇಕು. ಆದರೂ ಗೊಬ್ಬರದ ಅಂಗಡಿಯಲ್ಲಿ ಕೂತು ಊರಿಗೆಲ್ಲ ಬುದ್ಧಿ ಹೇಳುವ ನನ್ನ ಗಂಡ ತಾಯಿಯ ಮುಂದೆ ತಲೆಯಾಡಿಸಿದರು. ನಾನೂ ಆಡಿಸಿದೆ. ಗರ್ಭಕೋಶ ತೆಗೆದ ಆಪರೇಶನ್ನು ಓಣಿಯ ಪಾಲಿಗೆ ಮೂತ್ರದ ಕಲ್ಲಿನ ಆಪರೇಶನ್ನಾಯಿತು. ಎತ್ತ ನೋಡಿದರೂ ಬಂಡೆಯೇ ಕಾಣುವ ಈ ಸೀಮೆಯಲ್ಲಿ ಹೊಟ್ಟೆಯಲ್ಲೊಂದು ಕಲ್ಲು ಯಾರಿಗೂ ಹೆಚ್ಚೆನಿಸಲಿಲ್ಲ.

ಕೂದಲು ಮಾತ್ರ ಅತ್ತೆಯ ಮಾತು ಕೇಳಲಿಲ್ಲ. ದಿಂಬಿಗೆ ಬಂತು, ಬಾಚಣಿಗೆಗೆ ಬಂತು, ಕೊನೆಗೆ ಸಾರಿಗೂ ಬಂತು. ಉಳಿದದ್ದನ್ನು ಗಂಡ ತಮ್ಮ ಗಡ್ಡದ ರೇಜರಿನಿಂದಲೇ ತೆಗೆದರು. ಆಮೇಲೆ ಇಬ್ಬರೂ ನೆಲದ ಮೇಲೆ ಕೂತು ಬಿದ್ದ ಕೂದಲನ್ನು ಆಯ್ದು ಕಾಗದದಲ್ಲಿ ಕಟ್ಟಿದೆವು. ಅತ್ತೆ ಹಾಗೆ ಕೂರುವವರಲ್ಲ. ನಾವು ತಿರುಪತಿಗೆ ಹೋಗಿಬಂದೆವೆಂದು ಓಣಿಗೆಲ್ಲ ಸಾರಿ, ಸಾಕ್ಷಿಗೆಂದು ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯಿಂದ ಲಾಡು ತರಿಸಿ ಹಂಚಿದರು. ಜನ ಅದನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ತಿಂದರು. ಆದರೆ ನೀಲಮ್ಮಕ್ಕ ನಿಜವಾಗಿಯೂ ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರು. ಲಾಡು ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ದಿಟ್ಟಿಸಿ, "ಹುಬ್ಬೂ ಕೊಟ್ಟೀಯೇನವಾ?" ಎಂದರು.

"ಹರಕಿ ದೊಡ್ಡದಿತ್ತವಾ" ಎಂದರು ಅತ್ತೆ, ನಾನು ಬಾಯಿ ಬಿಡುವ ಮೊದಲೇ.

ದೊಡ್ಡ ಹರಕೆ, ಒಬ್ಬಳೇ ಮಗಳು, ಬೆಳಗಿನ ವಾಂತಿ. ನೀಲಮ್ಮಕ್ಕ ಎಲ್ಲವನ್ನೂ ಕೂಡಿಸಿದರು. ಅಂದಿನಿಂದ ಮನೆಗೆ ಹುಳಿ ಬರತೊಡಗಿತು: ಮಾವಿನಕಾಯಿ, ಹುಣಸೆಹಣ್ಣಿನ ಚಿಗಳಿ, ನೆಲ್ಲಿಕಾಯಿ ಉಪ್ಪಿನಕಾಯಿ. ಬಸುರಿಗೆ ಏಳನೇ ತಿಂಗಳಲ್ಲಿ ಮಾಡುವ ಕುಬಸದ ದಿನ ಹಸಿರು ಸೀರೆ ತಾವೇ ಉಡಿಸುವುದಾಗಿ ನೀಲಮ್ಮಕ್ಕ ಹೇಳಿಕಳಿಸಿದರು. ನನಗೋ ಬಾಯಿ ತುಂಬ ಹುಣ್ಣು. ಹುಳಿ ತಾಗಿದರೆ ಜೀವ ಹೋಗುತ್ತಿತ್ತು. ಕೂಸು ಇರಬೇಕಾದ ಜಾಗವೇ ಇಲ್ಲದವಳ ಬಯಕೆಯನ್ನು ಓಣಿಯೆಲ್ಲ ಸೇರಿ ತೀರಿಸುತ್ತಿತ್ತು. ನಗು ಬಂದದ್ದು ನಿಜ. ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು ಅತ್ತದ್ದೂ ನಿಜ.

ಒಂದು ಸಂಜೆ ಪಲ್ಲವಿ ಸಾಲೆಯಿಂದ ಬಂದವಳೇ ತನ್ನ ಹಳೆಯ ಲಂಗಗಳನ್ನೆಲ್ಲ ಮಡಚಿ ನನ್ನ ಮಂಚದ ಮೇಲೆ ಇಟ್ಟಳು. "ಕೂಸಿಗೆ" ಎಂದಳು. "ಹುಡುಗಾದ್ರ?" ಎಂದರೆ, "ಸಣ್ಣಾವ ಇದ್ದಾಗ ನಡೀತೈತಿ" ಎಂದಳು. ಮುಖದಲ್ಲಿ ಎಂಥ ಖುಷಿಯಿತ್ತೆಂದರೆ ನನಗೆ ಇನ್ನು ತಡೆಯಲಾಗಲಿಲ್ಲ.

"ಕೂಸು ಇಲ್ಲವ್ವಾ" ಎಂದೆ. "ಹೊಟ್ಟ್ಯಾಗ ಗಡ್ಡಿ ಆಗಿತ್ತು. ಕ್ಯಾನ್ಸರ್ ಅಂತಾರ. ಅದರ ಔಷಧಕ್ಕ ವಾಂತಿ ಬರ್ತೈತಿ, ಕೂದಲಾ ಹೋಗ್ತಾವ."

ಅವಳು ಲಂಗವೊಂದರ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಳು. "ಔಷಧ ಮುಗುದ ಮ್ಯಾಲೆ ಆರಾಮ ಆಗ್ತಿಯಿಲ್ಲೋ?"

ಓಣಿಗೆಲ್ಲ ಸಾಲುವಷ್ಟು ಸುಳ್ಳು ದಾಸ್ತಾನಿದ್ದ ಮನೆ ನಮ್ಮದು. ಆ ಹೊತ್ತಿಗೆ ಒಂದೂ ಕೈಗೆ ಸಿಗಲಿಲ್ಲ. "ಗೊತ್ತಿಲ್ಲವ್ವಾ" ಎಂದೆ. ಅವಳು ಲಂಗಗಳನ್ನೆಲ್ಲ ಎತ್ತಿಕೊಂಡು ಹೋಗಿ ಪೆಟ್ಟಿಗೆಯೊಳಗಿಟ್ಟಳು.

ಮರುದಿನ ನೀಲಮ್ಮಕ್ಕ ಮಾವಿನಕಾಯಿ ಹಿಡಿದು ಬಂದಾಗ ಬಾಗಿಲು ತೆಗೆದವಳು ಪಲ್ಲವಿ. "ಕೂಸು ಇಲ್ರಿ ದೊಡ್ಡವ್ವ. ನಮ್ಮವ್ವಗ ಕ್ಯಾನ್ಸರ್ ಐತಿ. ಬಾಯಾಗ ಹುಣ್ಣಾಗ್ಯಾವ, ಹುಳಿ ನಡಿಯಂಗಿಲ್ಲ. ಮೊಸರನ್ನ ಮಾಡಿ ಕೊಡ್ರಿ" ಎಂದಳು. ಅತ್ತೆ ಅಡುಗೆಮನೆಯ ಬಾಗಿಲು ಹಾಕಿಕೊಂಡರು. ಇಷ್ಟು ದೊಡ್ಡವಳಾದ ನಾನು ಸಿಕ್ಕಿಬಿದ್ದ ಕಳ್ಳಿಯಂತೆ ಚಾದರವನ್ನು ತಲೆಯ ಮೇಲೆ ಎಳೆದುಕೊಂಡೆ.

ಮಧ್ಯಾಹ್ನ ಮೊಸರನ್ನ ಬಂತು. ನೀಲಮ್ಮಕ್ಕನ ಕಣ್ಣು ಕೆಂಪಗಿದ್ದವು. ಎದುರಿಗೆ ಕೂತು ನಾನು ಉಣ್ಣುವುದನ್ನೇ ನೋಡಿದರು. "ಊಟ ರುಚಿ ಐತೇನವಾ?" ಎಂದರು.

"ಭಾಳ ಛಲೋ ಐತ್ರಿ" ಎಂದೆ.

ಆಗಲೇ ಒಂದು ತುತ್ತು ತಿಂದು ನೋಡಿದ್ದ ಪಲ್ಲವಿ ನನ್ನ ಮೊಣಕೈ ಹಿಡಿದು ಅಲುಗಿಸಿದಳು. "ಖರೇ ಹೇಳವಾ. ಉಪ್ಪಿಲ್ಲ."

"ಉಪ್ಪಿಲ್ರಿ ನೀಲಮ್ಮಕ್ಕ" ಎಂದೆ. ಅಷ್ಟು ಹೇಳುವುದರೊಳಗೆ ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. ಅನ್ನಕ್ಕೆ ಉಪ್ಪು ಕಡಿಮೆಯಾದದ್ದಕ್ಕೆ ಯಾರಾದರೂ ಹೀಗೆ ಅಳುತ್ತಾರೆಯೇ ಎಂದು ನನಗೇ ನಾಚಿಕೆಯಾಯಿತು. ಅಳು ಮಾತ್ರ ನಿಲ್ಲಲಿಲ್ಲ.